ಶಬ್ದದ ಕೀಲಿ ಕೈಕೊಟ್ಟಾಗ

ಮನೆಯಲ್ಲಿ ಕಂಪ್ಯೂಟರ್ ಇರುವ ಸಹೋದರಿಯರಿಗೆ ಇದು ಹೊಸದಲ್ಲ. ಪಾಠದ ವೀಡಿಯೊ ನಡೆಯುತ್ತಿರುತ್ತದೆ. ಅಷ್ಟರಲ್ಲಿ ಅಝಾನ್ ಕೇಳಿಸುತ್ತದೆ, ಇಲ್ಲವೇ ಒಳಗಿನಿಂದ ಯಾರೋ ಹಿರಿಯರು ಕರೆಯುತ್ತಾರೆ. ಕೈ ತಾನಾಗಿಯೇ ಕೀಬೋರ್ಡಿನ ಮೇಲಿನ ಸಾಲಿಗೆ, ಪುಟ್ಟ ಸ್ಪೀಕರಿನ ಚಿತ್ರವಿರುವ ಕೀಲಿಯ ಕಡೆಗೆ ಹೋಗುತ್ತದೆ. ಒತ್ತಿದರೂ ಶಬ್ದ ಇಳಿಯದೇ ಹೋದರೆ?

ನಮ್ಮ ರನ್ನ ಬೆಳಗಲಿಯಲ್ಲಿ ನೆರೆಮನೆಯ ಹುಡುಗಿಯೊಬ್ಬಳು ಎರಡನೇ ಪಿಯುಸಿ ಓದುತ್ತಿದ್ದಾಳೆ. ಅವಳ ಬಳಿ ಮಾಮೂ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಇದೆ. ಅದರಲ್ಲಿದ್ದ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಆ ಯಂತ್ರಕ್ಕೆ ವಯಸ್ಸಾಗಿದೆ. ಹಾಗಾಗಿ ಮಾಮೂ ಲಿನಕ್ಸ್ ಹಾಕಿಕೊಟ್ಟರು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಒಳಗಿನ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. 1991ರಲ್ಲಿ ಫಿನ್‌ಲ್ಯಾಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ ಕೆಲಸವಿದು.

ಲಿನಕ್ಸ್ ಎಂದರೆ ಇಂಜಿನಿಯರುಗಳಿಗೆ ಮಾತ್ರ ಎಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ಕಾಸರಗೋಡಿನ ಓದುಗರು ಇದನ್ನು ಕೇಳಿ ನಗಬಹುದು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಶಾಲೆಗಳಿಗೆ ಮುಕ್ತ ತಂತ್ರಾಂಶವನ್ನೇ ಒಯ್ದಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದು ಲಿನಕ್ಸ್‌ನಲ್ಲೇ.

ಈ ಹುಡುಗಿಯ ಮನೆ ಎರಡು ಕೋಣೆಯದು. ಹಾಸಿಗೆ ಹಿಡಿದ ದಾದಿ ಒಂದು ಕೋಣೆಯಲ್ಲಿ, ಓದು ಇನ್ನೊಂದರಲ್ಲಿ. ಇಯರ್‌ಫೋನ್ ಹಾಕಿಕೊಂಡರೆ ದಾದಿ ಕರೆದದ್ದು ಕೇಳಿಸುವುದಿಲ್ಲ. ಆದ್ದರಿಂದ ಸಣ್ಣ ಶಬ್ದದಲ್ಲಿ ಪಾಠ ಕೇಳುತ್ತಾಳೆ. ಒಂದು ರಾತ್ರಿ ವೀಡಿಯೊದ ನಡುವೆ ಜಾಹೀರಾತು ಜೋರಾಗಿ ಕಿರುಚಿತು. ಕೀಲಿ ಒತ್ತಿದಳು, ಇಳಿಯಲಿಲ್ಲ. ದಾದಿ ಬೆಚ್ಚಿ ಎದ್ದು ಕುಳಿತರು. ಮರುದಿನ ಅಣ್ಣ ಅದನ್ನು ರಿಪೇರಿ ಅಂಗಡಿಗೆ ಒಯ್ದ. "ಇದರಲ್ಲಿ ಆ ಸೌಲಭ್ಯವೇ ಇಲ್ಲ, ಎಲ್ಲ ಅಳಿಸಿ ಬೇರೆ ಹಾಕಬೇಕು" ಎಂಬ ಉತ್ತರ ಬಂತು. ಅಳಿಸಿದರೆ ಅವಳ ಒಂದು ವರ್ಷದ ನೋಟ್ಸ್ ಕೂಡ ಹೋಗುತ್ತದೆ. "ಆಪಾ, ನೀವೊಮ್ಮೆ ನೋಡ್ರಿ" ಎಂದು ಕಣ್ಣು ತುಂಬಿಕೊಂಡು ಬಂದಳು.

ಮದ್ರಸಾದಲ್ಲಿ ಓದಿ, ಬಿ.ಎ. ಮಾಡಿದ ನನಗೆ ಕಂಪ್ಯೂಟರಿನ ಪದವಿ ಯಾವುದೂ ಇಲ್ಲ. ಆದರೂ ಇದು ಪದವಿ ಬೇಡುವ ಕೆಲಸವಲ್ಲ. ಒಂದು ಸಂಗತಿ ಅರ್ಥವಾದರೆ ಸಾಕು. ಕೀಲಿ ಶಬ್ದವನ್ನು ಇಳಿಸುವುದಿಲ್ಲ. ಬಾಗಿಲು ತಟ್ಟಿದ ಮಾತ್ರಕ್ಕೆ ಬಾಗಿಲು ತೆರೆಯುತ್ತದೆಯೇ? ಒಳಗಿದ್ದವರು ಕೇಳಿಸಿಕೊಂಡು ಎದ್ದು ಬರಬೇಕು. ಕೀಲಿಯದೂ ಅಷ್ಟೇ, ಅದು ತಟ್ಟುತ್ತದೆ. ತಟ್ಟಿದ್ದು ಒಳಗೆ ಮುಟ್ಟಿತೇ, ಕೇಳಿಸಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂದು ನೋಡಬೇಕು.

ಮೊದಲು ಮೌಸಿನಿಂದ, ವೀಡಿಯೊದ ಗುಂಡಿಯಲ್ಲಲ್ಲ, ಸೆಟ್ಟಿಂಗ್ಸ್ ಒಳಗಿನ ಶಬ್ದದ ಪಟ್ಟಿಯಲ್ಲಿ ಏರಿಳಿಸಿ ನೋಡಿದೆವು. ಇಳಿಯಿತು. ಅಂದರೆ ಶಬ್ದದ ವ್ಯವಸ್ಥೆ ಸರಿಯಿದೆ. ಆಮೇಲೆ ಎಫ್‌ಎನ್ ಕೀಲಿಯನ್ನು ಹಿಡಿದುಕೊಂಡು ಒತ್ತಿದೆವು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಜೊತೆಗಿಲ್ಲದಿದ್ದರೆ ಸ್ಪೀಕರಿನ ಕೀಲಿ ಬರೀ ಎಫ್ 2, ಎಫ್ 3 ಆಗಿಬಿಡುತ್ತದೆ. ಅನೇಕರ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಅವಳದು ಮುಗಿಯಲಿಲ್ಲ.

ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಎಕ್ಸ್, ಇ, ವಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿದೆವು. ಒಂದು ಸಣ್ಣ ಬಿಳಿ ಕಿಟಕಿ ಬರುತ್ತದೆ. ಅದರ ಮೇಲೆ ಮೌಸ್ ಇಟ್ಟು ಯಾವ ಕೀಲಿ ಒತ್ತಿದರೂ ಅದರ ಹೆಸರು ಟರ್ಮಿನಲ್‌ನಲ್ಲಿ ಮೂಡುತ್ತದೆ. ಮೌಸ್ ಅಲುಗಿದರೂ ಸಾಲು ಸಾಲು ಬರುತ್ತದೆ, ಗಾಬರಿಯಾಗಬೇಡಿ. ನಮಗೆ ಎಕ್ಸ್‌ಎಫ್ 86 ಆಡಿಯೊ ಲೋವರ್ ವಾಲ್ಯೂಮ್ ಎಂಬ ಉದ್ದನೆಯ ಹೆಸರು ಕಂಡಿತು. ಯಂತ್ರದ ಕೀಲಿ ಕೆಟ್ಟಿಲ್ಲ, ತಟ್ಟಿದ್ದು ಒಳಗೆ ಮುಟ್ಟಿದೆ. ಅಂಗಡಿಯವರ ಮಾತು ಸುಳ್ಳಾಯಿತು!

ಹಾಗಾದರೆ ಕೇಳಿಸಿಕೊಳ್ಳುವವರು ಯಾರು? ಅವಳ ಲ್ಯಾಪ್‌ಟಾಪಿನಲ್ಲಿರುವುದು ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್. 1996ರಲ್ಲಿ ಹುಟ್ಟಿದ್ದು, ಬಹಳ ಹಗುರ, ಹಳೆಯ ಯಂತ್ರಗಳಿಗೆ ಒಳ್ಳೆಯದು. ಇದರಲ್ಲಿ ಶಬ್ದದ ಕೀಲಿಗಳಿಗೆ ಕಿವಿಗೊಡುವುದು ಪರದೆಯ ಅಂಚಿನ ಪಟ್ಟಿಯಲ್ಲಿ ಕೂರುವ ಸ್ಪೀಕರಿನ ಚಿಕ್ಕ ಚಿತ್ರವೇ. ಪಲ್ಸ್ ಆಡಿಯೊ ಪ್ಲಗಿನ್ ಎಂದು ಅದರ ಹೆಸರು. ಪಟ್ಟಿಯಲ್ಲಿ ಆ ಚಿತ್ರ ಕಾಣಲಿಲ್ಲ. "ಜಾಗ ಸಾಲದು ಅಂತ ಮೊನ್ನೆ ನಾನೇ ತೆಗೆದೆ ಆಪಾ" ಎಂದಳು. ಚಿತ್ರ ಹೋದ ದಿನವೇ ಕೇಳಿಸಿಕೊಳ್ಳುವವರೂ ಹೋಗಿದ್ದರು!

ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ಯಾನೆಲ್ ಎಂಬಲ್ಲಿ ಹೊಸ ವಸ್ತು ಸೇರಿಸುವ ಆಯ್ಕೆಗೆ ಹೋಗಿ ಪ್ಲಗಿನ್ ಅನ್ನು ಮತ್ತೆ ಕೂರಿಸಿದೆವು. ಅದರ ಪ್ರಾಪರ್ಟೀಸ್ ಒಳಗೆ ಕೀಬೋರ್ಡಿನಿಂದ ಶಬ್ದ ನಿಯಂತ್ರಿಸುವ ಸಾಲಿಗೆ ಟಿಕ್ ಇದೆಯೇ ಎಂದು ನೋಡಿದೆವು. ಕೀಲಿ ಒತ್ತಿದಳು. ಶಬ್ದ ಇಳಿಯಿತು.

ಚಿತ್ರವಿದ್ದೂ, ಟಿಕ್ ಇದ್ದೂ ನಿಮ್ಮಲ್ಲಿ ಕೆಲಸವಾಗದಿದ್ದರೆ ಕೈಯಿಂದಲೇ ಜೋಡಿಸಬಹುದು. ಮೊದಲು ಆ ಟಿಕ್ ತೆಗೆಯಿರಿ, ಒಂದೇ ಕೀಲಿಗೆ ಇಬ್ಬರನ್ನು ನೇಮಿಸಬಾರದು. ಸೆಟ್ಟಿಂಗ್ಸ್, ಕೀಬೋರ್ಡ್, ಅಪ್ಲಿಕೇಶನ್ ಶಾರ್ಟ್‌ಕಟ್ಸ್ ಎಂಬಲ್ಲಿಗೆ ಹೋಗಿ ಆಡ್ ಒತ್ತಿ, 'ಅಮಿಕ್ಸರ್ ಸೆಟ್ ಮಾಸ್ಟರ್ 5%-' ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಅಡುಗೆಮನೆಯ ಮಿಕ್ಸರ್ ಪದದ ಮುಂದೆ ಎ ಅಕ್ಷರವನ್ನು ಕೂಡಿಸಿ ಬರೆದರೆ ಅಮಿಕ್ಸರ್. ಮಾಸ್ಟರ್‌ನ ಎಂ ಮಾತ್ರ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ. ನಂತರ ಕೀಲಿ ಕೇಳುತ್ತದೆ, ಇಳಿಸುವ ಕೀಲಿಯನ್ನು ಒತ್ತಿ. ಏರಿಸುವುದಕ್ಕೆ ಇನ್ನೊಂದು ಸಾಲು, ಕೊನೆಯಲ್ಲಿ ಕಳೆಯುವ ಚಿಹ್ನೆಯ ಬದಲು ಕೂಡುವ ಚಿಹ್ನೆ.

ಆ ಲ್ಯಾಪ್‌ಟಾಪಿನಲ್ಲಿ ಪರದೆಯ ಬೆಳಕು ಕಡಿಮೆ ಮಾಡುವ ಕೀಲಿ ಇನ್ನೂ ಕೆಲಸ ಮಾಡುತ್ತಿಲ್ಲ. "ಪರೀಕ್ಷೆ ಮುಗೀಲಿ ಆಪಾ, ಅದನ್ನ ನಾನೇ ನೋಡ್ತೀನಿ" ಎಂದಿದ್ದಾಳೆ.