ಹಡಗು ಪಣಂಬೂರಿಗೆ, ಹತ್ತಲು ಕೊಚ್ಚಿಗೆ

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಕಚ್ಚಾ ತೈಲ, ಕಲ್ಲಿದ್ದಲು, ಅಡುಗೆ ಅನಿಲ ಇಳಿಯುವ ಧಕ್ಕೆಗಳ ನಡುವೆ ಬಹುಮಹಡಿಯ ಬೆಳ್ಳನೆಯ ಹಡಗು ಬಂದು ನಿಂತ ದಿನ ಬಂದರಿನ ಚಹರೆಯೇ ಬೇರೆ. ಚೆಂಡೆಯ ಸದ್ದು, ಯಕ್ಷಗಾನದ ವೇಷ, ಸಾಲುಗಟ್ಟಿದ ಬಸ್ಸು, ಟ್ಯಾಕ್ಸಿಗಳು ವಿದೇಶಿ ಅತಿಥಿಗಳನ್ನು ಎದುರುಗೊಳ್ಳುತ್ತವೆ. ಅವರು ಕುದ್ರೋಳಿ ಗೋಕರ್ಣನಾಥನ ದೇವಸ್ಥಾನ ನೋಡಿ, ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳ ಕೆಳಗೆ ಕತ್ತೆತ್ತಿ ನಿಂತು, ಗೇರುಬೀಜದ ಕಾರ್ಖಾನೆಗೋ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ ಹೋಗಿ ಸಂಜೆಗೆ ಹಡಗು ಸೇರುತ್ತಾರೆ.

ಊರಿನವರಿಗೆ ಪಣಂಬೂರು ದೂರವೇನಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸುರತ್ಕಲ್ ಕಡೆಯ ಸಿಟಿ ಬಸ್ ಹತ್ತಿದರೆ ಲಾಲ್‌ಬಾಗ್, ಕೊಟ್ಟಾರ ಚೌಕಿ, ಕೂಳೂರು ದಾಟಿ ಸುಮಾರು 10 ಕಿ.ಮೀ. ಕೂಳೂರು ಸೇತುವೆಯಲ್ಲಿ ಟ್ಯಾಂಕರು, ಕಂಟೇನರ್ ಲಾರಿಗಳು ಸಾಲುಗಟ್ಟಿದರೆ ಮಾತ್ರ ಹೊತ್ತಿನ ಲೆಕ್ಕ ತಪ್ಪುತ್ತದೆ. ರಿಕ್ಷಾ ಹಿಡಿಯುವವರು ಪಣಂಬೂರು ಎಂದೇ ಹೇಳಬೇಕು. ಬರೀ ಬಂದರು ಎಂದರೆ ಪೇಟೆಯೊಳಗಿನ ಹಳೇ ಬಂದರಿಗೆ ಒಯ್ದಾರು. ಗೇಟಿನಲ್ಲಿ ಸಿಐಎಸ್‌ಎಫ್ ಕಾವಲಿದೆ, ಪಾಸಿಲ್ಲದೆ ಒಳಗೆ ಬಿಡುವುದಿಲ್ಲ. ಅಲ್ಲಿ ಕಾಯುವ ಬದಲು ಪಕ್ಕದ ಪಣಂಬೂರು ಬೀಚಿಗೆ ಹೋಗಿ. ಸಂಜೆಯ ಹೊತ್ತು ಹಡಗು ಕಡಲಿಗೆ ಇಳಿಯುವುದನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಈ ಬಂದರು ನದಿಯೋ ಕೊಲ್ಲಿಯೋ ಕೊಟ್ಟದ್ದಲ್ಲ. ನೆಲ ಅಗೆದು, ಕಡಲಿಗೆ ಕಲ್ಲಿನ ತಡೆಗೋಡೆ ಚಾಚಿ ಕಟ್ಟಿದ್ದು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿ ಸೇರಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಅದಕ್ಕಾಗಿ ಇಲ್ಲಿನ ಎಷ್ಟೋ ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಬಿಟ್ಟು ಎದ್ದಿವೆ. ಅಂಥ ಊರಿನವರು ಹಡಗನ್ನು ಬೇಲಿಯಾಚೆಯಿಂದ ನೋಡಿಯೇ ತೃಪ್ತಿಪಡಬೇಕೆ?

ವಿದೇಶಿ ಹಡಗುಗಳಿಗೆ ಮಂಗಳೂರು ದಾರಿನಡುವಿನ ನಿಲ್ದಾಣ. ನಮ್ಮವರು ಹಡಗು ಹತ್ತಬೇಕಾದರೆ ಮುಂಬೈ, ಕೊಚ್ಚಿಯಂಥ ಕಡೆ ಹೋಗಬೇಕು. ಕರಾವಳಿಯವರಿಗೆ ಕೊಚ್ಚಿಯೇ ಅನುಕೂಲ: ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಮಲಬಾರ್ ಎಕ್ಸ್‌ಪ್ರೆಸ್ ಬೆಳಗಾಗುವ ಮೊದಲೇ ಎರ್ನಾಕುಲಂ ಮುಟ್ಟಿಸುತ್ತದೆ. ಹಡಗುಕಟ್ಟೆ ಇರುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಬ್ರಿಟಿಷರ ಕಾಲದಲ್ಲಿ ಬಂದರಿನ ಹೂಳೆತ್ತಿ ಸುರಿದ ಮಣ್ಣಿನಿಂದ ಬಹುಮಟ್ಟಿಗೆ ಎದ್ದ ದ್ವೀಪವದು. 2021ರಲ್ಲಿ ಉದ್ಘಾಟನೆಯಾದ ‘ಸಾಗರಿಕಾ’ ಟರ್ಮಿನಲ್ ಅಲ್ಲಿಯೇ ಇದೆ. ಮುಂಬೈಗಾದರೆ ಸಿಎಸ್‌ಎಂಟಿಯಲ್ಲಿ ಇಳಿಯಿರಿ. ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಹತ್ತಿರ. ಎಲ್ಲಿಂದ ಹತ್ತುವುದಾದರೂ ಒಂದು ದಿನ ಮೊದಲೇ ಆ ಊರು ಸೇರುವುದು ಕ್ಷೇಮ. ವಿಮಾನ ನಿಲ್ದಾಣದಂತೆ ಹಡಗುಕಟ್ಟೆಯಲ್ಲಿಯೂ ಸಾಮಾನು ತಪಾಸಣೆ, ಗುರುತಿನ ಚೀಟಿಯ ಪರಿಶೀಲನೆ ಇರುತ್ತದೆ. ಹಡಗು ಹೊರಡುವುದಕ್ಕೆ ಬಹಳ ಮೊದಲೇ ಬಾಗಿಲು ಮುಚ್ಚುತ್ತಾರೆ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ.

ಪಣಂಬೂರಿನಲ್ಲಿ ಪ್ರಯಾಣಿಕರ ಲಾಂಜ್, ವಲಸೆ ತಪಾಸಣೆಯ ಕೌಂಟರು ಈಗಾಗಲೇ ಇವೆ. ಬಾಗಿಲಿಗೆ ಹೆದ್ದಾರಿ, ಹತ್ತಿರದಲ್ಲೇ ರೈಲು, ವಿಮಾನ ನಿಲ್ದಾಣ. ಋತುವಿಗೆ ಒಂದೆರಡು ಹಡಗುಗಳಾದರೂ ಇಲ್ಲಿಂದಲೇ ಜನರನ್ನು ಹತ್ತಿಸಿಕೊಂಡು ಗೋವೆಗೋ ಕೊಚ್ಚಿಗೋ ಹೊರಡುವಂತೆ ಬಂದರು ಪ್ರಾಧಿಕಾರವೂ ರಾಜ್ಯದ ಪ್ರವಾಸೋದ್ಯಮ ಇಲಾಖೆಯೂ ಕೂಡಿ ಪ್ರಯತ್ನಿಸಲಿ.