ಹಾಲು ಒಗ್ಗದ ಮಗುವಿಗೆ ಸುಣ್ಣಾಂಶ ಒದಗಿಸುವ ಬಗೆ

ಮಗುವಿನ ಮೂಳೆ ಮತ್ತು ಹಲ್ಲುಗಳು ಗಟ್ಟಿಯಾಗಿ ಬೆಳೆಯಲು ಸುಣ್ಣಾಂಶವು, ಅಂದರೆ ಕ್ಯಾಲ್ಸಿಯಂ, ಅತ್ಯಾವಶ್ಯಕ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಸುಣ್ಣಾಂಶ ದೊರೆಯಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಹಸುವಿನ ಇಲ್ಲವೇ ಎಮ್ಮೆಯ ಹಾಲು ಕುಡಿಯುವ ಮಗುವಿಗೆ ಎರಡು ಲೋಟದಲ್ಲಿಯೇ ಇದರ ಬಹುಪಾಲು ದೊರೆತುಬಿಡುತ್ತದೆ. ಹಾಲು ಒಗ್ಗದ ಮಗುವಿನ ಮಾತು ಬೇರೆ. ದೇವಣಿ ಹಸುವಿನ ಸೀಮೆಯಾದ ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಹಾಲಿಲ್ಲದೆ ಕೂಸು ಬೆಳೆದೀತೇ ಎಂದು ಹಿರಿಯರು ಚಿಂತಿಸುವುದು ಸಹಜವೇ. ಬೆಳೆಯುತ್ತದೆ. ಆದರೆ ಆ ಕೊರತೆಯನ್ನು ತಂದೆತಾಯಿಗಳು ಲೆಕ್ಕವಿಟ್ಟು ಬೇರೆ ಆಹಾರದಿಂದ ತುಂಬಬೇಕಾಗುತ್ತದೆ.

ಮೊದಲು ಹಾಲು ನಿಜವಾಗಿ ಒಗ್ಗದೋ ಎಂಬುದನ್ನು ವೈದ್ಯರಿಂದ ನಿಶ್ಚಯಿಸಿಕೊಳ್ಳಿರಿ. ಭೇದಿಯಾದ ಮೇಲೆ ಕೆಲವು ದಿನ ಹಾಲು ಜೀರ್ಣವಾಗದಿರುವುದುಂಟು. ಅದು ತಾನಾಗಿ ಸರಿಹೋಗುತ್ತದೆ, ಅಂಥ ಮಗುವಿಗೆ ಮೊಸರು ಹಲವೊಮ್ಮೆ ಒಗ್ಗುತ್ತದೆ. ಹಾಲಿನ ಸಸಾರಜನಕವೇ ಮೈಗಾಗದಿರುವುದು ಬೇರೆ ತೊಂದರೆ. ಹಾಲು ಕುಡಿದಾಗಲೆಲ್ಲ ಮೈಮೇಲೆ ದದ್ದು ಏಳುವುದು, ವಾಂತಿಯಾಗುವುದು, ಮಲದಲ್ಲಿ ರಕ್ತ ಕಾಣುವುದು ಇದರ ಲಕ್ಷಣಗಳು. ಇಂಥ ಮಗುವಿಗೆ ಮೊಸರು, ಮಜ್ಜಿಗೆ, ಖೋವಾ ಯಾವುದೂ ಸಲ್ಲದು. ಹಸುವಿನ ಹಾಲು ಆಗದಿದ್ದರೆ ಆಡಿನ ಹಾಲು ಕೊಡೋಣವೆಂಬ ಸಲಹೆ ನಮ್ಮ ಹಳ್ಳಿಗಳಲ್ಲಿ ಬೇಗ ಬರುತ್ತದೆ, ಅದನ್ನು ಪಾಲಿಸಬೇಡಿರಿ. ಆಡು, ಎಮ್ಮೆ, ಹಸುಗಳ ಹಾಲಿನ ಸಸಾರಜನಕಗಳು ಬಹುಮಟ್ಟಿಗೆ ಒಂದೇ ಬಗೆಯವು. ಒಂದು ಒಗ್ಗದ ಮಗುವಿಗೆ ಇನ್ನೊಂದೂ ಸಾಮಾನ್ಯವಾಗಿ ಒಗ್ಗದು.

ತಾಯಿಯ ಹಾಲನ್ನು ಮಾತ್ರ ನಿಲ್ಲಿಸಬಾರದು. ಎರಡನೆಯ ವರ್ಷದಲ್ಲಿಯೂ ಮಗು ದಿನಕ್ಕೆ ಅರ್ಧ ಲೀಟರಿನಷ್ಟು ಎದೆಹಾಲು ಕುಡಿದರೆ ಸುಮಾರು 140 ಮಿಲಿಗ್ರಾಂ ಸುಣ್ಣಾಂಶ ಅದರಿಂದಲೇ ದೊರೆಯುತ್ತದೆ. ಮುಂದಿನ ಹೆರಿಗೆಗೆ ಮೂರು ವರ್ಷಗಳ ಅಂತರವಿಟ್ಟ ದಂಪತಿಗಳ ಮಗುವಿಗೆ ಈ ಭಾಗ್ಯ ಪೂರ್ಣವಾಗಿ ಲಭಿಸುತ್ತದೆ. ಬಸಿರಾದೊಡನೆ ಎದೆ ಬಿಡಿಸುವ ರೂಢಿ ಇರುವ ಮನೆಗಳಲ್ಲಿ ಹಾಲು ಒಗ್ಗದ ಮಗುವಿಗೇ ಹೆಚ್ಚು ನಷ್ಟವಾಗುತ್ತದೆ.

ಇನ್ನು ನಮ್ಮ ಅಡಿಗೆಮನೆಯನ್ನು ನೋಡೋಣ. ಬೀದರ ಜಿಲ್ಲೆಯ ಊಟಕ್ಕೆ ಜೋಳದ ರೊಟ್ಟಿಯೇ ಆಧಾರ. ಆದರೆ 100 ಗ್ರಾಂ ಜೋಳದಲ್ಲಿರುವ ಸುಣ್ಣಾಂಶ 28 ಮಿಲಿಗ್ರಾಂ ಮಾತ್ರ. ಅಷ್ಟೇ ತೂಕದ ರಾಗಿಯಲ್ಲಿ 364 ಮಿಲಿಗ್ರಾಂ ಇದೆ. ರಾಗಿ ನಮ್ಮ ಹೊಲದ ಬೆಳೆಯಲ್ಲ, ಮೈಸೂರು ಸೀಮೆಯವರ ಊಟ ಎಂದು ಅದನ್ನು ದೂರವಿಡುವವರಿದ್ದಾರೆ. ಮನೆಮಂದಿಯೆಲ್ಲ ರೊಟ್ಟಿಯನ್ನೇ ಉಣ್ಣಲಿ, ಹಾಲು ಒಗ್ಗದ ಕೂಸಿಗಾಗಿ ತಿಂಗಳಿಗೆ ಒಂದೂವರೆ ಕಿಲೋ ರಾಗಿ ಕೊಂಡರೆ ಸಾಕು. ರಾಗಿಯನ್ನು ಒಂದು ರಾತ್ರಿ ನೆನೆಯಿಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಕೊಳ್ಳಿರಿ. ಮೊಳಕೆ ಬರಿಸುವುದರಿಂದ ಸುಣ್ಣಾಂಶವನ್ನು ಹಿಡಿದಿಡುವ ಪದಾರ್ಥವು ಕಡಿಮೆಯಾಗಿ ಮಗುವಿನ ದೇಹಕ್ಕೆ ಅದು ಸುಲಭವಾಗಿ ದಕ್ಕುತ್ತದೆ. ಈ ಹಿಟ್ಟನ್ನು ನೀರಿನಲ್ಲಿ ಬೇಯಿಸಿ ಬೆಲ್ಲ ಸೇರಿಸಿದರೆ ಹಾಲಿಲ್ಲದೆಯೇ ರುಚಿಯಾದ ಗಂಜಿಯಾಗುತ್ತದೆ.

ಎರಡನೆಯದು ಎಳ್ಳು. 100 ಗ್ರಾಂ ಎಳ್ಳಿನಲ್ಲಿ 1,200 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣಾಂಶವಿದೆಯೆಂದು ಪಟ್ಟಿಗಳು ಹೇಳುತ್ತವೆ. ಆದರೆ ಅದರ ಬಹುಭಾಗ ಸಿಪ್ಪೆಯಲ್ಲಿದೆ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಅದು ತೀರ ಕಡಿಮೆ. ಸಿಪ್ಪೆಯಲ್ಲಿ ಆಕ್ಸಾಲಿಕ್ ಆಮ್ಲವೂ ಇರುವುದರಿಂದ ಎಲ್ಲ ಸುಣ್ಣಾಂಶವೂ ದೇಹಕ್ಕೆ ಸೇರದು. ಆದ್ದರಿಂದ ಎಳ್ಳೊಂದನ್ನೇ ನಂಬಿರಬಾರದು. ಸಿಪ್ಪೆಸಹಿತ ಹುರಿದು ನುಣ್ಣಗೆ ಪುಡಿಮಾಡಿ ದಿನಕ್ಕೆ ಎರಡು ಚಹಾ ಚಮಚೆಯಷ್ಟನ್ನು ಗಂಜಿಗೆ ಬೆರೆಸಿರಿ. ಮೊದಲ ಸಲ ಚಿಟಿಕೆಯಷ್ಟು ಮಾತ್ರ ಕೊಟ್ಟು ನೋಡಿರಿ, ಕೆಲವು ಮಕ್ಕಳಿಗೆ ಎಳ್ಳೂ ಒಗ್ಗುವುದಿಲ್ಲ. ನಮ್ಮಲ್ಲಿ ದಿನಬಳಕೆಯ ಶೇಂಗಾ ಹಿಂಡಿ ಪುಷ್ಟಿಕರವೇನೋ ಹೌದು, ಸುಣ್ಣಾಂಶದ ಮಟ್ಟಿಗೆ ಅದು ಎಳ್ಳಿಗೆ ಸಾಟಿಯಲ್ಲ.

ಮೂರನೆಯದು ಸೊಪ್ಪು. ಹಿತ್ತಿಲಿನ ನುಗ್ಗೆ ಸೊಪ್ಪಿನಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣಾಂಶವಿದೆ. ಮೆಂತ್ಯೆ ಪಲ್ಯವೂ ಒಳ್ಳೆಯದು. ಪಾಲಕದಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚಾದುದರಿಂದ ಈ ಉದ್ದೇಶಕ್ಕೆ ಅದು ಅಷ್ಟು ನೆರವಾಗದು. ಒಂದು ಹಿಡಿ ನುಗ್ಗೆ ಸೊಪ್ಪನ್ನು ತೊಗರಿ ಬೇಳೆಯೊಡನೆ ಬೇಯಿಸಿ, ಕಿವುಚಿ, ರೊಟ್ಟಿಯ ಮೆತ್ತನೆಯ ಭಾಗವನ್ನು ಅದರಲ್ಲಿ ನೆನೆಸಿ ತಿನ್ನಿಸಬಹುದು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಉಣ್ಣುವ ಭಜ್ಜಿ ಹಾಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ನೆನೆಯಿರಿ. ಸೊಪ್ಪು, ಕಾಳು, ಎಳ್ಳು ಮೂರೂ ಅಲ್ಲಿವೆ. ಹಿರಿಯರ ಆ ಊಟವನ್ನು ವರ್ಷಕ್ಕೊಮ್ಮೆಗೆ ಮೀಸಲಿಡಬೇಕಾಗಿಲ್ಲ. ಆದರೆ ಅಂದಿನ ಅಂಬಲಿಯಲ್ಲಿ ಮಜ್ಜಿಗೆ ಇರುತ್ತದೆಂಬುದು ನೆನಪಿರಲಿ.

ಮಾಂಸಾಹಾರಿಗಳ ಮನೆಯಲ್ಲಿ ಮಾಂಜ್ರಾ ನದಿಯ, ಕಾರಂಜಾ ಜಲಾಶಯದ ಸಣ್ಣ ಮೀನುಗಳನ್ನು ಮುಳ್ಳುಸಹಿತ ಮೆತ್ತಗೆ ಬೇಯಿಸಿ ನುಣ್ಣಗೆ ಅರೆದು ಕೊಡಬಹುದು. ಸುಣ್ಣಾಂಶ ಇರುವುದು ಆ ಮುಳ್ಳಿನಲ್ಲಿಯೇ. ದೊಡ್ಡ ಮೀನಿನ ತುಂಡಿನಿಂದ ಆ ಪ್ರಯೋಜನವಿಲ್ಲ. ಮೊಟ್ಟೆ ಉತ್ತಮ ಆಹಾರವಾದರೂ ಅದರ ಸುಣ್ಣಾಂಶದ ಬಹುಪಾಲು ಓಡಿನಲ್ಲಿದೆ.

ಈಗ ಒಂದು ದಿನದ ಲೆಕ್ಕ ಹಾಕಿರಿ. ಎರಡು ಹೊತ್ತಿಗೆ ಸೇರಿ 50 ಗ್ರಾಂ ರಾಗಿಯಿಂದ 180 ಮಿಲಿಗ್ರಾಂ, ಎರಡು ಚಮಚೆ ಎಳ್ಳಿನಿಂದ ಸುಮಾರು 75, ಒಂದು ಹಿಡಿ ನುಗ್ಗೆ ಸೊಪ್ಪಿನಿಂದ 60, ಎದೆಹಾಲಿನಿಂದ 140. ಬೇಳೆ, ರೊಟ್ಟಿ, ಹಣ್ಣುಗಳಿಂದ ಉಳಿದದ್ದು. ಒಟ್ಟು 500ರ ಸಮೀಪಕ್ಕೆ ಬರುತ್ತದೆ. ಎದೆಹಾಲು ಬಿಟ್ಟ ಮಗುವಿಗೆ ಊಟದಿಂದಲೇ ಇದನ್ನು ತುಂಬುವುದು ಕಠಿಣ. ಆಗ ಸುಣ್ಣಾಂಶದ ಔಷಧಿ ಬೇಕೇ ಎಂದು ವೈದ್ಯರನ್ನು ಕೇಳತಕ್ಕದ್ದು. ಬಾಣಂತಿಗೆ ಸರ್ಕಾರದಿಂದ ಕೊಟ್ಟ ಸುಣ್ಣಾಂಶದ ಗುಳಿಗೆಯನ್ನು ಪುಡಿಮಾಡಿ ಮಗುವಿಗೆ ತಿನ್ನಿಸಬೇಡಿರಿ. ಎಲೆಯಡಿಕೆಯ ಸುಣ್ಣವನ್ನಂತೂ ಎಂದಿಗೂ ಕೊಡಬೇಡಿರಿ, ಅದು ಬಾಯಿ ಗಂಟಲುಗಳನ್ನು ಸುಡುತ್ತದೆ.

ತಿಂದ ಸುಣ್ಣಾಂಶವು ಮೂಳೆಗೆ ಸೇರಲು ಡಿ ಜೀವಸತ್ವ ಬೇಕು. ಅದು ಬಿಸಿಲಿನಿಂದ ಚರ್ಮದಲ್ಲಿ ಉಂಟಾಗುತ್ತದೆ. ಮಗುವಿನ ಕೈಕಾಲುಗಳ ಮೇಲೆ ಪ್ರತಿದಿನ ಕೆಲಹೊತ್ತು ಬಿಸಿಲು ಬೀಳಲಿ. ಬೇಸಿಗೆಯ ಉರಿಬಿಸಿಲಿನಲ್ಲಿ ಇದು ಬೇಡ.

ಮನೆಯಲ್ಲಿ ಪಥ್ಯವಿದ್ದರೂ ಹಾಲು ಹೊರಗಿನಿಂದ ಬರುತ್ತದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಅದರಲ್ಲಿ ಮುಖ್ಯ. ಚಹಾದಲ್ಲಿಯೂ ಹಾಲು, ಹಲವು ಬಿಸ್ಕತ್ತುಗಳಲ್ಲಿಯೂ ಹಾಲಿನ ಪುಡಿ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಂತೆ ಅಂಗನವಾಡಿಯಲ್ಲಿ ಹಾಲು ಕೊಡುತ್ತಾರೆ. ಸೇರಿಸಿದ ದಿನವೇ ಕಾರ್ಯಕರ್ತೆಗೆ ವಿಷಯವನ್ನು ತಿಳಿಸಿರಿ.

ಕಾಲು ಬಿಲ್ಲಿನಂತೆ ಬಾಗುವುದು, ಮಣಿಕಟ್ಟು ದಪ್ಪಗಾಗುವುದು, ನೆತ್ತಿ ಕೂಡಲು ತಡವಾಗುವುದು, ಒಂದೂವರೆ ವರ್ಷವಾದರೂ ನಡೆಯದಿರುವುದು ಕಂಡುಬಂದರೆ ಕಾಯಬೇಡಿರಿ. ಭಾಲ್ಕಿ, ಔರಾದಗಳ ತಾಲ್ಲೂಕು ಆಸ್ಪತ್ರೆಗೆ ಇಲ್ಲವೇ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಮಗುವನ್ನು ಕರೆದೊಯ್ಯಿರಿ. ಹಾಲಿನ ಅಲರ್ಜಿ ಬಹುತೇಕ ಮಕ್ಕಳಲ್ಲಿ ಮೂರರಿಂದ ಐದು ವರ್ಷದೊಳಗೆ ಕಳೆದುಹೋಗುತ್ತದೆ. ಹಾಲನ್ನು ಮತ್ತೆ ಎಂದು ಕೊಟ್ಟು ನೋಡಬೇಕೆಂಬುದನ್ನು ಮನೆಯಲ್ಲಿ ನಿರ್ಧರಿಸದೆ ಅಲ್ಲಿಯ ವೈದ್ಯರನ್ನೇ ಕೇಳಿರಿ.