ಮಳೆಗಾಲದ ವ್ಯಾಪಾರ ಮತ್ತು ಮನಸ್ಸಿನ ಒತ್ತಡ

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಭಟ್ಕಳ, ಹೊನ್ನಾವರದ ಕಾಸರಕೋಡು, ಕುಮಟಾ ತಾಲೂಕಿನ ತದಡಿ ಬಂದರುಗಳಲ್ಲಿ ಬೋಟುಗಳು ದಡ ಸೇರುತ್ತವೆ. ಬೋಟು ನಿಂತರೆ ಮಂಜುಗಡ್ಡೆ ಕಾರ್ಖಾನೆ, ಡೀಸೆಲ್, ಬಲೆ, ಕಿರಾಣಿ ಎಲ್ಲ ವಹಿವಾಟೂ ಕುಗ್ಗುತ್ತದೆ. ಬ್ಯಾಂಕಿನ ಕಂತಿಗೆ ಮಾತ್ರ ಮಳೆಗಾಲದ ರಜೆಯಿಲ್ಲ. ಇದರ ಮೇಲೆ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದ್ ಆದಂತಹ ಆಘಾತ ಬಂದೆರಗಿದರೆ ವರ್ತಕನ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ.

ಇಂತಹ ದಿನಗಳ ಒತ್ತಡವನ್ನು ವರ್ತಕರು ಒತ್ತಡವೆಂದು ಗುರುತಿಸುವುದು ಅಪರೂಪ. ಹೊಟ್ಟೆಯುರಿ, ಕುತ್ತಿಗೆ ನೋವು, ತಲೆನೋವು ಎಂದೇ ಅವರು ವೈದ್ಯರ ಬಳಿಗೆ ಹೋಗುತ್ತಾರೆ. ನಸುಕಿನ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಅಂಗಡಿಯ ಹುಡುಗನ ಸಣ್ಣ ತಪ್ಪಿಗೂ ರೇಗುವುದು, ಕೂಡಿಸಿದ ಮೊತ್ತವನ್ನೇ ಮತ್ತೆ ಮತ್ತೆ ಕೂಡಿಸುವುದು, ಚಹಾ ಮತ್ತು ತಂಬಾಕು ಹೆಚ್ಚುವುದು, ಸಾಲ ಕೊಟ್ಟವರ ಫೋನ್ ಎತ್ತಲು ಹಿಂಜರಿಯುವುದು ಇದರ ಲಕ್ಷಣಗಳು. ಅಪಾಯ ಎದುರಾದಾಗ ದೇಹ ಅಡ್ರಿನಾಲಿನ್, ಕಾರ್ಟಿಸಾಲ್ ರಸಗಳನ್ನು ಸ್ರವಿಸುತ್ತದೆ. ಹಾವು ಕಂಡಾಗ ಇದು ಉಪಕಾರಿ. ತಿಂಗಳುಗಟ್ಟಲೆ ಮುಂದುವರಿದರೆ ರಕ್ತದೊತ್ತಡಕ್ಕೂ ನಿದ್ರಾಹೀನತೆಗೂ ದಾರಿಯಾಗುತ್ತದೆ. (ಎದೆನೋವನ್ನು ಮಾತ್ರ ಒತ್ತಡವೆಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.)

ನಡಿಗೆ, ಪ್ರಾಣಾಯಾಮಗಳು ನಿಜಕ್ಕೂ ಸಹಕಾರಿ. ಆದರೆ ಬಾರದ ಬಾಕಿಯನ್ನು ಪ್ರಾಣಾಯಾಮ ವಸೂಲು ಮಾಡಿಕೊಡದು. ಆದ್ದರಿಂದ ಚಿಂತೆಗಳನ್ನು ಕಾಗದದ ಮೇಲಿಳಿಸಿ, ಮಳೆ ಮತ್ತು ಮಾರುಕಟ್ಟೆ ದರದಂತಹ ಕೈಮೀರಿದವನ್ನು ಒಂದೆಡೆ, ಕೈಯಲ್ಲಿರುವುದನ್ನು ಇನ್ನೊಂದೆಡೆ ಬರೆಯುವುದು ಲೇಸು. ಕಂತು ತಪ್ಪುವ ಸೂಚನೆಯಿದ್ದರೆ ತಪ್ಪಿದ ಮೇಲಲ್ಲ, ಮೇ ತಿಂಗಳಲ್ಲೇ ಬ್ಯಾಂಕ್ ವ್ಯವಸ್ಥಾಪಕರನ್ನು ಕಾಣಬೇಕು. ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ಬಲವೂ ಇದೆ: ಖರೀದಿದಾರರು ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಿರಾಕಿ ಕೈತಪ್ಪುವ ಭಯದಿಂದ ಇದನ್ನು ಬಳಸುವವರು ಕಡಿಮೆ. ಆದರೂ ಬಿಲ್ಲಿನ ಮೇಲೆ ಆ ನಿಯಮವನ್ನು ಮುದ್ರಿಸುವುದಕ್ಕೆ ಯಾರ ಮುಲಾಜೂ ಬೇಕಿಲ್ಲ.

ಎಲ್ಲಕ್ಕಿಂತ ಕಷ್ಟವಾದುದು ಮನೆಯವರೊಡನೆ ಬಾಯಿಬಿಡುವುದು. ನಷ್ಟದ ಸುದ್ದಿ ಪೇಟೆಯಲ್ಲಿ ಹರಡಿದರೆ ಸಾಲ ಹುಟ್ಟದೆಂಬ ಅಂಜಿಕೆ ಸುಳ್ಳಲ್ಲ. ಆ ಅಂಜಿಕೆಯುಳ್ಳವರು, ನಿದ್ದೆಯಿಲ್ಲದೆ ಎರಡು ವಾರ ಕಳೆದವರು, ಬದುಕೇ ಬೇಡವೆನಿಸಿದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಈ ಟೆಲಿ ಮಾನಸ್ ಸೇವೆ ಉಚಿತ. ಹಗಲಿರುಳೂ ಕನ್ನಡದಲ್ಲೇ ಮಾತನಾಡಬಹುದು.